14 ಫ್ರೇಮ್‌ವರೆಗೆ ಕೈ, ಆಮೇಲೆ ರಬ್ಬರ್

ಕೊಡಲಿಯೇಟಿಗೆ ತುಂಡಾದ ಕೈ ನೆಲಕ್ಕೆ ಬೀಳುವ ಶಾಟ್ ಅದು. ಒಟ್ಟು 52 ಫ್ರೇಮ್. ಸೆಕೆಂಡಿಗೆ 24ರ ಲೆಕ್ಕದಲ್ಲಿ ಎರಡು ಸೆಕೆಂಡಿಗಿಂತ ತುಸು ಹೆಚ್ಚು. ಮೊದಲ 14 ಫ್ರೇಮ್‌ಗಳಲ್ಲಿ ಅದು ನಿಜಕ್ಕೂ ಕೈ. ನೋಡುತ್ತಿದ್ದ ನನ್ನ ಮಣಿಕಟ್ಟೇ ಜುಮ್ಮೆಂದಿತ್ತು. 15ನೆಯದರಲ್ಲಿ ಅದು ನೆಲ ಮುಟ್ಟಿ ಚೆಂಡಿನಂತೆ ಪುಟಿಯುತ್ತದೆ. ಅಲ್ಲಿಗೆ ಕತ್ತರಿ ಹಾಕಿದೆ. ಪಕ್ಕದಲ್ಲಿ ಕುಳಿತಿದ್ದ ನಿರ್ದೇಶಕರ ಮುಖ ಬಾಡಿತು. "ಮೇಕಪ್ ಹುಡುಗರು ಮೂರು ರಾತ್ರಿ ನಿದ್ದೆಗೆಟ್ಟು ಮಾಡಿದ ಕೈ ಸರ್. ಒಂದೊಂದೇ ರೋಮವನ್ನು ಸೂಜಿಯಲ್ಲಿ ನೆಟ್ಟಿದ್ದಾರೆ. ಪೂರ್ತಿ ಇರಲಿ."

ಆ ಹಟವನ್ನು ಗೇಲಿ ಮಾಡುವುದು ಸುಲಭ, ನಾನು ಮಾಡಲಾರೆ. ಸಂಕಲನಕಾರನಾಗಿ ಇಂಥ ಸಿನಿಮಾಗಳ ಜೊತೆ ಎಷ್ಟೋ ರಾತ್ರಿ ಕಳೆದಿದ್ದೇನೆ. ಕಡಿಮೆ ದುಡ್ಡಿನ ರಕ್ತಸಿಕ್ತ ಹಾರರ್ ಚಿತ್ರಗಳ ಸೊಗಸು, ಸೋಲು ಎರಡೂ ಹುಟ್ಟುವುದು ಆ ಹಟದಿಂದಲೇ.

ಸೊಗಸಿನ ಮೂಲ ವ್ಯಾಪಾರದಲ್ಲಿದೆ. 1963ರಲ್ಲಿ ಅಮೆರಿಕದ ಹರ್ಷೆಲ್ ಗಾರ್ಡನ್ ಲೂಯಿಸ್ 'ಬ್ಲಡ್ ಫೀಸ್ಟ್' ಎಂಬ ಚಿತ್ರವನ್ನು 25,000 ಡಾಲರಿಗಿಂತ ಕಡಿಮೆ ಖರ್ಚಿನಲ್ಲಿ ಮುಗಿಸಿದರು. ತಾರೆಯರಿಲ್ಲ, ನಟನೆಯಂತೂ ದೇವರಿಗೇ ಪ್ರೀತಿ. ಆದರೆ ದೊಡ್ಡ ಸ್ಟುಡಿಯೊಗಳು ತಮ್ಮದೇ ನೀತಿಸಂಹಿತೆಗೆ ಕಟ್ಟುಬಿದ್ದು ತೋರಿಸಲಾಗದ ಕೆಂಪು ರಕ್ತ ಅದರಲ್ಲಿ ಧಾರಾಳವಾಗಿತ್ತು. ಜನ ಮುಗಿಬಿದ್ದರು. ಅಂದಿನಿಂದ ಬಡ ನಿರ್ಮಾಪಕನ ಪಾಲಿಗೆ ರಕ್ತವೇ ನಾಯಕನಟ. 1968ರ 'ನೈಟ್ ಆಫ್ ದಿ ಲಿವಿಂಗ್ ಡೆಡ್'ನಲ್ಲಿ ರಕ್ತವಾಗಿ ಹರಿದದ್ದು ಚಾಕೊಲೇಟ್ ಸಿರಪ್. ಕಪ್ಪುಬಿಳುಪು ಚಿತ್ರಕ್ಕೆ ಕೆಂಪು ಯಾಕೆ ಬೇಕು? ಹರಿಯುವ ಗಟ್ಟಿತನ ಸರಿಯಿದ್ದರೆ ಸಾಕು.

ಕೈ ಖಾಲಿಯಿದ್ದಾಗ ತಲೆ ಓಡುತ್ತದೆ ಎನ್ನುವುದಕ್ಕೆ ನನಗೆ ಅತಿ ಪ್ರಿಯವಾದ ಉದಾಹರಣೆ 1981ರ 'ದಿ ಈವಿಲ್ ಡೆಡ್'. ಕ್ಯಾಮೆರಾವನ್ನು ನಯವಾಗಿ ಓಡಿಸುವ ಸಲಕರಣೆಗೆ ದುಡ್ಡಿರಲಿಲ್ಲ. ಮರದ ಹಲಗೆಯ ನಡುವೆ ಕ್ಯಾಮೆರಾ ಬಿಗಿದು, ಎರಡು ತುದಿಗಳನ್ನು ಇಬ್ಬರು ಹಿಡಿದು ಕಾಡಿನಲ್ಲಿ ಓಡಿದರು. ಆ ಕುಲುಕಾಟವೇ ಕಣ್ಣಿಗೆ ಕಾಣದ ದುಷ್ಟಶಕ್ತಿಯ ನಡಿಗೆಯಾಯಿತು. ಅದನ್ನು ಸರಾಗಗೊಳಿಸಿದ್ದರೆ ಕಾಡು ಬರೀ ಕಾಡಾಗಿ ಉಳಿಯುತ್ತಿತ್ತು.

ಇನ್ನೊಂದು ಕಥೆ 1980ರ 'ಫ್ರೈಡೇ ದಿ ಥರ್ಟೀನ್ತ್' ಚಿತ್ರದ್ದು. ಮಂಚದ ಮೇಲೆ ಮಲಗಿದವನ ಕುತ್ತಿಗೆಯನ್ನು ಬಾಣವೊಂದು ಕೆಳಗಿನಿಂದ ಸೀಳಿ ಬರಬೇಕು. ನಟ ಮಂಚದ ಕೆಳಗೆ ಮಂಡಿಯೂರಿ ತಲೆಯನ್ನು ಮಾತ್ರ ಮೇಲೆ ತೂರಿಸಿದ್ದ. ಕುತ್ತಿಗೆಯೂ ಎದೆಯೂ ಕೃತಕ. ಕ್ಯಾಮೆರಾ ಓಡುತ್ತಿರುವಾಗಲೇ ರಕ್ತ ಪಂಪು ಮಾಡುವ ನಳಿಕೆ ಕಳಚಿಕೊಂಡಿತು. ಕೆಳಗಿದ್ದ ಸಹಾಯಕ ನಳಿಕೆಗೆ ಬಾಯಿಟ್ಟು ಊದಿದ. ರಕ್ತ ಗುಳುಗುಳು ಉಕ್ಕಿತು, ಪಂಪಿಗೆ ಒಲಿಯದ ಜೀವಂತಿಕೆಯಿಂದ. ಈ ಚಿತ್ರಗಳ ಅಭಿಮಾನಿಗಳು ಸವಿಯುವುದು ಇದನ್ನೇ. ಅವರು ಬೆಚ್ಚುತ್ತಾರೆ, ಮರುಕ್ಷಣ ನಗುತ್ತಾರೆ, ಆಮೇಲೆ "ಇದನ್ನು ಹೇಗೆ ಮಾಡಿದರು?" ಎಂದು ಹಿಂದಕ್ಕೆ ಓಡಿಸಿ ನೋಡುತ್ತಾರೆ. ಜಾದೂ ನೋಡುವವನ ಸುಖವೇ ಇದು. ಕ್ರೌರ್ಯದ ಹಸಿವೆಂದು ಇದನ್ನು ಹಳಿಯುವವರು ಅರ್ಧವನ್ನಷ್ಟೇ ನೋಡಿದ್ದಾರೆ. ಕಂಪ್ಯೂಟರಿನಲ್ಲಿ ಅಗ್ಗವಾಗಿ ಬರೆದ ರಕ್ತಕ್ಕೆ ಈ ಪ್ರೀತಿ ದಕ್ಕುವುದಿಲ್ಲ. ಅದು ಗಾಳಿಯಲ್ಲಿ ಚಿಮ್ಮಿ ಗಾಳಿಯಲ್ಲೇ ಮಾಯವಾಗುತ್ತದೆ, ಎದುರಿಗಿದ್ದವನ ಅಂಗಿಗೆ ಒಂದು ಹನಿಯೂ ತಾಗುವುದಿಲ್ಲ.

ಇನ್ನು ಸೋಲು. ಬಜೆಟ್ಟನ್ನು ದೂರುವುದು ವಾಡಿಕೆ, ಆದರೆ ನನ್ನ ಮೇಜಿಗೆ ಬರುವ ತಪ್ಪುಗಳಲ್ಲಿ ಹೆಚ್ಚಿನವು ದುಡ್ಡಿನವಲ್ಲ. ಗಾಯಕ್ಕೆ ಮೂರು ದಿನ ಕೊಡುತ್ತಾರೆ, ಗಾಯಗೊಂಡವನಿಗೆ ಮೂರು ಗಂಟೆಯನ್ನೂ ಕೊಡುವುದಿಲ್ಲ. ಯಾರೆಂದೇ ಗೊತ್ತಿಲ್ಲದವನ ಕತ್ತು ಹಾರಿದರೆ ಪ್ರೇಕ್ಷಕನಿಗೆ ಏನು? ಮೊದಲ ಕೊಲೆಗೆ ಕಿರುಚಿದವರು ಮೂರನೆಯದಕ್ಕೆ ಮೊಬೈಲ್ ನೋಡುತ್ತಾರೆ. ಆಗ ನಿರ್ದೇಶಕರು ನಾಲ್ಕನೆಯದಕ್ಕೆ ಇನ್ನೊಂದು ಬಕೆಟ್ ರಕ್ತ ಸುರಿಯುತ್ತಾರೆ.

ಸದ್ದಿನ ಬಗ್ಗೆ ಹೇಳಹೊರಟರೆ ಇನ್ನೊಂದು ಅಂಕಣವೇ ಬೇಕು. ಚಿತ್ರ ಮಸುಕಾಗಿದ್ದರೆ ಜನ ಕ್ಷಮಿಸುತ್ತಾರೆ, ಸದ್ದು ಕೆಟ್ಟಿದ್ದರೆ ಎದ್ದು ಹೋಗುತ್ತಾರೆ. ಮೂಳೆ ಮುರಿಯುವ ಸದ್ದಿಗೆ ಹಸಿ ತರಕಾರಿಯ ದಂಟು ಸಾಕು, ಖರ್ಚೇ ಇಲ್ಲ. ಆದರೂ ಎಲ್ಲಿಂದಲೋ ಎತ್ತಿದ ಅದೇ ಕಿರುಚಾಟವನ್ನು ಮೂರು ಪಾತ್ರಗಳಿಗೆ ಅಂಟಿಸಿ ತರುತ್ತಾರೆ.

ಸಂಕಲನದಲ್ಲಿ ಮಾತ್ರ ಲೆಕ್ಕಕ್ಕೆ ಸಿಗುವ ಒಂದು ಕೆಟ್ಟ ಚಾಳಿಯೂ ಇದೆ. ಒಮ್ಮೆ ಒಂದು ಚಿತ್ರದ ಸಾವುಗಳನ್ನೆಲ್ಲ ಅಳೆದೆ. ಗಂಡಸರು ನಾಲ್ಕೈದು ಸೆಕೆಂಡಿನಲ್ಲಿ ಸತ್ತಿದ್ದರು; ಹೆಣ್ಣುಮಕ್ಕಳು ಸಾಯಲು ಒಂದೊಂದು ನಿಮಿಷ ತೆಗೆದುಕೊಂಡಿದ್ದರು, ಅದೂ ಅಂಗಿ ಹರಿದುಕೊಂಡು. ಅದನ್ನು ತೋರಿಸಿದಾಗ ನಿರ್ಮಾಪಕರು "ಪ್ರೇಕ್ಷಕರು ಕೇಳುತ್ತಾರೆ" ಎಂದರು. ಯಾವ ಪ್ರೇಕ್ಷಕರೋ, ನನಗೆ ಇನ್ನೂ ಸಿಕ್ಕಿಲ್ಲ.

ರಕ್ತ ಸುರಿಯಲೇಬೇಕು ಎನ್ನುವವರಿಗೆ ನಾನು 1974ರ 'ದಿ ಟೆಕ್ಸಸ್ ಚೈನ್ ಸಾ ಮ್ಯಾಸಕರ್' ತೋರಿಸುತ್ತೇನೆ. ಹೆಸರು ಕೇಳಿದರೇ ನಡುಕ, ಆದರೆ ಪರದೆಯ ಮೇಲಿನ ರಕ್ತ ಬಹಳ ಕಡಿಮೆ. ಹುಡುಗಿಯನ್ನು ಕೊಕ್ಕೆಗೆ ನೇತುಹಾಕುವ ದೃಶ್ಯದಲ್ಲಿ ಕೊಕ್ಕೆ ಮೈಗೆ ಚುಚ್ಚುವುದು ಕಾಣುವುದೇ ಇಲ್ಲ. ನೋಡಿದೆವೆಂದು ಅನೇಕರು ಆಣೆ ಮಾಡುತ್ತಾರೆ. ಬ್ರಿಟನ್ನಿನ ಸೆನ್ಸಾರ್ ಮಂಡಳಿಗೆ ಇದನ್ನು ಪೂರ್ಣವಾಗಿ ಒಪ್ಪಲು 1999ರವರೆಗೆ ಮನಸ್ಸಾಗಲಿಲ್ಲ. ಕತ್ತರಿಸಲು ಹೋದರೆ ಕತ್ತರಿಸುವಂಥ ಶಾಟ್‌ಗಳೇ ಹೆಚ್ಚಾಗಿ ಸಿಗಲಿಲ್ಲ. ಸಂಕಲನಕಾರನಾಗಿ ಅದನ್ನು ನೆನೆದರೆ ಹೊಟ್ಟೆಕಿಚ್ಚಾಗುತ್ತದೆ.

ಆ ಕೈಯ ವಿಷಯಕ್ಕೆ ಬರುತ್ತೇನೆ. ಒಂದು ಗಂಟೆ ವಾದವಾದ ಮೇಲೆ ನಿರ್ದೇಶಕರು 14 ಫ್ರೇಮಿಗೆ ಒಪ್ಪಿದರು. ಕೈ ಬಿದ್ದೊಡನೆ ಎದುರಿಗಿದ್ದ ತಂಗಿಯ ಮುಖಕ್ಕೆ ಹೋಗೋಣ ಎಂದೆ. ಅಂಥ ಶಾಟ್ ಇರಲಿಲ್ಲ. ಆ ದಿನವೆಲ್ಲ ಕೈ ಚಿತ್ರೀಕರಿಸುವುದರಲ್ಲೇ ಕಳೆದಿತ್ತು. ಕಚ್ಚಾ ಚಿತ್ರಿಕೆಗಳನ್ನೆಲ್ಲ ಜಾಲಾಡಿದಾಗ, ಬೇರೊಂದು ದೃಶ್ಯದ ಟೇಕಿನಲ್ಲಿ, ನಿರ್ದೇಶಕರು "ಆ್ಯಕ್ಷನ್" ಎನ್ನುವ ಮೊದಲಿನ ಒಂದೂವರೆ ಸೆಕೆಂಡು ಸಿಕ್ಕಿತು. ನಟಿ ಯಾವುದನ್ನೋ ದಿಟ್ಟಿಸುತ್ತ ಉಗುಳು ನುಂಗುತ್ತಾರೆ. ಅದನ್ನೇ ಕೈಯ ಹಿಂದೆ ಜೋಡಿಸಿದೆ.

ಮೊದಲ ಪ್ರದರ್ಶನದಲ್ಲಿ ಜನ ಅದೇ ಜಾಗಕ್ಕೆ ಕಿರುಚಿದರು. ಹೊರಬಂದ ಮೇಲೆ ಆ ನಟಿ ನನ್ನನ್ನು ಪಕ್ಕಕ್ಕೆ ಕರೆದು, "ಸರ್, ಆ ಶಾಟ್ ನಾನು ಯಾವಾಗ ಕೊಟ್ಟೆ?" ಎಂದು ಕೇಳಿದರು.