ಹಿಮಾಲಯದ ಮಂಜು ಎಷ್ಟು ಕರಗಿದೆ? ಲೆಕ್ಕ ಪದೇ ಪದೇ ಬದಲಾಗಿದ್ದು ಹೀಗೆ

ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ ಇಲ್ಲವಾಗಬಹುದು ಅಂತ ವಿಶ್ವಸಂಸ್ಥೆಯ ಹವಾಮಾನ ಸಮಿತಿಯ 2007ರ ವರದಿ ಹೇಳಿತು. 2010ರ ಜನವರಿಯಲ್ಲಿ ಸಮಿತಿಯೇ ಅದು ತಪ್ಪು ಅಂತ ಒಪ್ಪಿಕೊಂಡಿತು. ಎರಡು ವರ್ಷ ಕಳೆಯುವಷ್ಟರಲ್ಲಿ, ಅಲ್ಲಿ ಹೆಚ್ಚೇನೂ ಕರಗಿಲ್ಲ ಎಂಬ ಸುದ್ದಿ ಬಂತು. ಜನರಿಗೆ ಗೊಂದಲ ಆಗದೆ ಇರುತ್ತಾ?

ಅದಕ್ಕೂ ಮೊದಲು ದಶಕಗಳ ಕಾಲ ನಡೆದ ಕೆಲಸ ಹೆಚ್ಚಾಗಿ ಹಿಮನದಿಯ ಮೂತಿ ಎಷ್ಟು ಹಿಂದೆ ಸರಿಯಿತು ಅಂತ ನೋಡುವುದು. ಅದರಿಂದ ಉದ್ದ ಗೊತ್ತಾಗುತ್ತದೆ, ತೂಕ ಗೊತ್ತಾಗುವುದಿಲ್ಲ.

2002ರ ಮಾರ್ಚ್‌ನಲ್ಲಿ ಅಮೆರಿಕ ಮತ್ತು ಜರ್ಮನಿ ಸೇರಿ ಗ್ರೇಸ್ ಎಂಬ ಜೋಡಿ ಉಪಗ್ರಹಗಳನ್ನು ಹಾರಿಸಿದವು. ಒಂದರ ಹಿಂದೆ ಒಂದು, ನಡುವೆ ಸುಮಾರು 220 ಕಿಲೋಮೀಟರ್. ಕೆಳಗೆ ಭಾರ ಜಾಸ್ತಿ ಇರುವ ಜಾಗ ಬಂದರೆ ಗುರುತ್ವ ಮುಂದಿನದನ್ನು ಮೊದಲು ಎಳೆಯುತ್ತದೆ, ಅಂತರ ಚೂರು ಹಿಗ್ಗುತ್ತದೆ. ಕೂದಲಿಗಿಂತ ಎಷ್ಟೋ ತೆಳುವಾದ ಆ ವ್ಯತ್ಯಾಸವನ್ನೂ ಮೈಕ್ರೋವೇವ್ ಅಳೆಯುತ್ತದೆ. ಹೀಗೆ ತಿಂಗಳಿಗೊಂದು ಗುರುತ್ವ ನಕ್ಷೆ ಸಿಗುತ್ತದೆ.

ತೊಡಕು ಇರುವುದು ಇಲ್ಲೇ. ಎಷ್ಟು ಭಾರ ಕಮ್ಮಿಯಾಯಿತು ಅಂತ ನಕ್ಷೆ ಹೇಳುತ್ತದೆ, ಕಮ್ಮಿಯಾಗಿದ್ದು ಮಂಜೋ ನೀರೋ ಅಂತ ಹೇಳುವುದಿಲ್ಲ. ಅದಕ್ಕೆ ಕಾಣುವುದೂ ಸುಮಾರು 300 ಕಿಲೋಮೀಟರ್ ಅಗಲದ ಮಸುಕು ಚಿತ್ರ. ಹಿಮಾಲಯದ ಬುಡದಲ್ಲಿರುವ ಪಂಜಾಬ್, ಹರಿಯಾಣ ಮತ್ತು ಪಕ್ಕದ ರಾಜಸ್ಥಾನದಲ್ಲಿ 2002ರಿಂದ 2008ರವರೆಗೆ 109 ಘನ ಕಿಲೋಮೀಟರ್ ಅಂತರ್ಜಲ ಖಾಲಿಯಾಗಿದೆ ಅಂತ 2009ರಲ್ಲಿ ಇದೇ ಗ್ರೇಸ್ ತೋರಿಸಿತ್ತು. ಆ ನಷ್ಟದ ಒಂದಿಷ್ಟು ಪಾಲು ಬೆಟ್ಟದ ಲೆಕ್ಕಕ್ಕೂ ಸೋರುತ್ತದೆ. ಆ ಕಡೆ ಟಿಬೆಟ್ಟಿನ ಸರೋವರಗಳು ತುಂಬುತ್ತಾ ಭಾರ ಹೆಚ್ಚಿಸುತ್ತವೆ. ಯಾವುದನ್ನು ಎಷ್ಟು ಕಳೆಯಬೇಕು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಆದದ್ದೂ ಅದೇ. ಏಷ್ಯಾದ ಎತ್ತರದ ಬೆಟ್ಟಗಳಿಂದ ವರ್ಷಕ್ಕೆ 47 ಗಿಗಾಟನ್ ಹೋಗುತ್ತಿದೆ ಅಂದಿತು 2010ರ ಒಂದು ಅಧ್ಯಯನ. ಒಂದು ಗಿಗಾಟನ್ ಅಂದರೆ ನೂರು ಕೋಟಿ ಟನ್. 2012ರ ಇನ್ನೊಂದು ಅಧ್ಯಯನಕ್ಕೆ ಸಿಕ್ಕಿದ್ದು ಬರೀ 4, ಆದರೆ 20 ಆಚೀಚೆ ಆಗಬಹುದು ಅಂತ ಅದರ ಜೊತೆಗೇ ಬರೆದಿತ್ತು. ಸುದ್ದಿಯಾಗಿದ್ದು 4 ಮಾತ್ರ, ಆ 20 ಹೆಚ್ಚಿನವರ ಕಣ್ಣಿಗೇ ಬೀಳಲಿಲ್ಲ. ಬೇರೆ ವಿಧಾನಗಳನ್ನೂ ಸೇರಿಸಿ 2013ರಲ್ಲಿ ಬಂದ ಲೆಕ್ಕ 26. ಉಪಗ್ರಹ ಚಿತ್ರಗಳಿಂದ ಬೆಟ್ಟದ ಎತ್ತರವನ್ನೇ ಹೋಲಿಸಿ ನೋಡಿದ 2017ರ ಲೆಕ್ಕ ಸುಮಾರು 16.

ಅಂಕಿ ಬದಲಾದರೂ ದಿಕ್ಕು ಬದಲಾಗಿಲ್ಲ ಅನ್ನುವುದನ್ನು ಒತ್ತಿ ಹೇಳಬೇಕು. ಹಳೆಯ ಬೇಹುಗಾರಿಕೆ ಉಪಗ್ರಹಗಳ ಚಿತ್ರ ಬಳಸಿದ 2019ರ ಅಧ್ಯಯನದ ಪ್ರಕಾರ, 2000ದ ನಂತರ ಹಿಮಾಲಯ ಮಂಜು ಕಳೆದುಕೊಳ್ಳುವ ವೇಗ ಅದರ ಹಿಂದಿನ 25 ವರ್ಷಗಳಿಗಿಂತ ಎರಡು ಪಟ್ಟು.

ಗ್ರೇಸ್ 2017ರಲ್ಲಿ ನಿಂತಿತು. 2018ರ ಮೇನಲ್ಲಿ ಅದರ ಉತ್ತರಾಧಿಕಾರಿ ಹಾರಿತು. ಅದರಲ್ಲಿ ಲೇಸರ್ ಅಳತೆಯೂ ಇದೆ, ಆದರೂ ಚಿತ್ರದ ಮಸುಕು ಹೋಗಿಲ್ಲ. ಹಾಗಾಗಿ ಮಂಜಿನ ಲೆಕ್ಕ ಸರಿಯಾಗಬೇಕಾದರೆ ಬಯಲಿನ ಬೋರ್‌ವೆಲ್‌ಗಳ ನೀರಿನ ಮಟ್ಟವೂ ಸರಿಯಾಗಿ ದಾಖಲಾಗಬೇಕು. ಹಿಮಾಚಲದ ಛೋಟಾ ಶಿಗ್ರಿಯಲ್ಲಿ 2002ರಿಂದ ನಡೆದಿರುವ ಹಾಗೆ, ಮಂಜಿನ ಮೇಲೇ ಹೋಗಿ ಕೋಲು ನೆಟ್ಟು ಅಳೆಯುವ ಕೆಲಸ ಇನ್ನೂ ಹತ್ತಾರು ಕಡೆ ವರ್ಷವರ್ಷವೂ ನಡೆಯಬೇಕು.