ವಿಸಿಬಿಲಿಟಿ: ಬೆಂಕಿಯ ಸಿಮ್ಯುಲೇಷನ್‌ನಲ್ಲಿ ಈ ಮೀಟರ್ ಲೆಕ್ಕ ಬರುವುದೆಲ್ಲಿಂದ?

ಕಟ್ಟಡಕ್ಕೆ ಬೆಂಕಿ ಬಿದ್ದಾಗ ಜನರಿಗೆ ಮೊದಲು ದಾರಿ ತಪ್ಪಿಸುವುದು ಹೊಗೆ. ಬೆಂಕಿ ಇನ್ನೂ ಯಾವುದೋ ಮೂಲೆಯಲ್ಲಿ ಇರುವಾಗಲೇ ಮೆಟ್ಟಿಲು ಎಲ್ಲಿದೆ ಅಂತ ಕಾಣದಂತಾಗುತ್ತದೆ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊಗೆ ಮೇಲಿನ ಮಹಡಿಗಳಿಗೆ ತುಂಬಿಕೊಂಡಾಗ ಕೆಲವರು ಕಿಟಕಿಯಿಂದ ಜಿಗಿದರು. ಅವತ್ತು 9 ಜನ ತೀರಿಕೊಂಡರು. ಹಾಗಾಗಿ ಕಟ್ಟಡದ ನಕ್ಷೆಯನ್ನು ಕಂಪ್ಯೂಟರಿಗೆ ಹಾಕಿ ಬೆಂಕಿಯನ್ನು ಲೆಕ್ಕ ಮಾಡಿ ನೋಡುವ ಎಂಜಿನಿಯರುಗಳು ತಾಪಮಾನದಷ್ಟೇ ಗಮನ ಕೊಟ್ಟು ನೋಡುವ ಇನ್ನೊಂದು ಅಂಕಿ ವಿಸಿಬಿಲಿಟಿ. ಅಂದರೆ ಹೊಗೆಯೊಳಗೆ ಎಷ್ಟು ದೂರ ಕಾಣುತ್ತದೆ ಅನ್ನುವ ಲೆಕ್ಕ.

ಈ ಕೆಲಸಕ್ಕೆ ತುಂಬಾ ಬಳಕೆಯಲ್ಲಿರುವುದು ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ 2000ರಲ್ಲಿ ಹೊರತಂದ ಎಫ್‌ಡಿಎಸ್, ಅಂದರೆ ಫೈರ್ ಡೈನಾಮಿಕ್ಸ್ ಸಿಮ್ಯುಲೇಟರ್. ದುಡ್ಡು ಕೊಡಬೇಕಿಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದು ಕೋಣೆಯನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ, ಪ್ರತಿಯೊಂದರಲ್ಲೂ ಗಾಳಿ ಎಷ್ಟು ಬಿಸಿ, ಯಾವ ಕಡೆ ಹರಿಯುತ್ತಿದೆ, ಎಷ್ಟು ಮಸಿ ಹೊತ್ತಿದೆ ಅಂತ ಲೆಕ್ಕ ಹಾಕುತ್ತದೆ. ಫಲಿತಾಂಶ ನೋಡಲು ಸ್ಮೋಕ್‌ವ್ಯೂ ಅನ್ನುವ ಜೊತೆಗಾರ ಪ್ರೋಗ್ರಾಂ ಇದೆ. ಅದರಲ್ಲಿ ಬಣ್ಣಬಣ್ಣದ ಚಿತ್ರದ ಪಕ್ಕ 'ವಿಸಿಬಿಲಿಟಿ, ಮೀಟರ್' ಅಂತ ಬರುವುದನ್ನು ನೋಡಿ, ಯಾರೋ ಅಳೆದಿಟ್ಟ ದೂರ ಅಂತ ನಂಬಿಬಿಡುವುದು ಸುಲಭ. ಅದು ಅಳೆದದ್ದಲ್ಲ. ನಾವೇ ಕೊಟ್ಟ ಮೂರು ಅಂಕಿಗಳ ಮೇಲೆ ನಿಂತ ಲೆಕ್ಕ.

ಮೊದಲನೆಯದು ಸೂಟ್ ಯೀಲ್ಡ್. ಒಂದು ಕಿಲೋ ವಸ್ತು ಉರಿದರೆ ಎಷ್ಟು ಕಿಲೋ ಮಸಿ ಹುಟ್ಟುತ್ತದೆ ಅನ್ನುವುದು. ಕಟ್ಟಿಗೆಗೆ ಇದು ಸುಮಾರು 0.015. ಸೋಫಾದೊಳಗಿನ ಪಾಲಿಯುರೆಥೇನ್ ಫೋಮಿಗೆ ಸುಮಾರು 0.13. ಎಂಟು ಪಟ್ಟಿಗೂ ಜಾಸ್ತಿ! ಎರಡನೆಯದು ಆ ಮಸಿ ಬೆಳಕನ್ನು ಎಷ್ಟು ತಡೆಯುತ್ತದೆ ಅನ್ನುವುದು. ಜ್ವಾಲೆಯಾಗಿ ಉರಿಯುವ ಬೆಂಕಿಯ ಮಸಿಗೆ ಇದು ಯಾವ ವಸ್ತುವಾದರೂ ಹೆಚ್ಚು ಬದಲಾಗುವುದಿಲ್ಲ. ಹಾಗಾಗಿ ಎಫ್‌ಡಿಎಸ್ ತಾನಾಗಿಯೇ ಕಿಲೋಗೆ 8700 ಚದರ ಮೀಟರ್ ಅಂತ ಇಟ್ಟುಕೊಳ್ಳುತ್ತದೆ. ಒಂದು ಘನ ಮೀಟರ್ ಗಾಳಿಯಲ್ಲಿರುವ ಮಸಿಯ ತೂಕವನ್ನು ಇದರಿಂದ ಗುಣಿಸಿದರೆ, ಹೊಗೆ ಎಷ್ಟು ದಟ್ಟ ಅನ್ನುವ ಅಂಕಿ ಸಿಗುತ್ತದೆ.

ಮೂರನೆಯದು ಹೊಗೆಗೆ ಸಂಬಂಧಪಟ್ಟದ್ದೇ ಅಲ್ಲ, ಏನನ್ನು ನೋಡುತ್ತಿದ್ದೇವೆ ಅನ್ನುವುದಕ್ಕೆ ಸಂಬಂಧಪಟ್ಟದ್ದು. ಜಪಾನಿನ ಜಿನ್ ಅವರು 1970ರ ದಶಕದಲ್ಲಿ ಜನರಿಗೆ ಹೊಗೆಯ ಮೂಲಕ ಸೂಚನಾ ಫಲಕಗಳನ್ನು ತೋರಿಸಿ ಪ್ರಯೋಗ ಮಾಡಿದ್ದರು. ತಾನೇ ಬೆಳಗುವ ಫಲಕ, ಬೇರೆ ಬೆಳಕು ಬಿದ್ದರೆ ಮಾತ್ರ ಕಾಣುವ ಫಲಕಕ್ಕಿಂತ ತುಂಬಾ ದೂರದಿಂದ ಕಾಣುತ್ತದೆ ಅಂತ ಅವರು ತೋರಿಸಿಕೊಟ್ಟರು. ಈಗಲೂ ಲೆಕ್ಕದಲ್ಲಿ ಮೊದಲನೆಯದಕ್ಕೆ 8, ಎರಡನೆಯದಕ್ಕೆ 3 ಅಂತ ಹಾಕುತ್ತಾರೆ. ಇದನ್ನು ಹೊಗೆಯ ದಟ್ಟಣೆಯಿಂದ ಭಾಗಿಸಿದರೆ ಬರುವುದೇ ವಿಸಿಬಿಲಿಟಿ.

ಒಂದು ಲೆಕ್ಕ ಮಾಡಿಯೇ ನೋಡೋಣ. 10 ಮೀಟರ್ ಉದ್ದ, 10 ಮೀಟರ್ ಅಗಲ, 3 ಮೀಟರ್ ಎತ್ತರದ ಹಾಲ್. ಒಳಗೆ 300 ಘನ ಮೀಟರ್ ಗಾಳಿ. ಬೆಳಗದ ಫಲಕ 10 ಮೀಟರಿನಾಚೆ ಕಾಣಬಾರದು ಅಂದರೆ ಹೊಗೆಯ ದಟ್ಟಣೆ ಮೀಟರಿಗೆ 0.3 ಇರಬೇಕು. 0.3ನ್ನು 8700ರಿಂದ ಭಾಗಿಸಿ. ಒಂದು ಘನ ಮೀಟರಿಗೆ ಸುಮಾರು 34 ಮಿಲಿಗ್ರಾಂ ಮಸಿ ಸಾಕು. ಇಡೀ ಹಾಲಿಗೆ ಬರೀ 10 ಗ್ರಾಂ! ಅಷ್ಟು ಮಸಿ ಹುಟ್ಟಲು ಕಟ್ಟಿಗೆಯಾದರೆ 700 ಗ್ರಾಂ ಹತ್ತಿರ ಉರಿಯಬೇಕು. ಫೋಮ್ ಆದರೆ 80 ಗ್ರಾಂ, ಒಂದು ತಲೆದಿಂಬಿನಷ್ಟೂ ಇಲ್ಲ. ಹೊಗೆ ಎಲ್ಲ ಕಡೆ ಸಮನಾಗಿ ಬೆರೆತಿದೆ ಅಂದುಕೊಂಡು ಮಾಡಿದ ಲೆಕ್ಕ ಇದು. ನಿಜದಲ್ಲಿ ಹೊಗೆ ಮೊದಲು ಚಾವಣಿಯ ಕೆಳಗೆ ಪದರವಾಗಿ ನಿಲ್ಲುತ್ತದೆ. ಆದರೂ ಸೂಟ್ ಯೀಲ್ಡ್ ಎಷ್ಟು ಮುಖ್ಯ ಅಂತ ಇದರಲ್ಲೇ ಗೊತ್ತಾಗುತ್ತದೆ, ಅಲ್ವಾ? ಈಗ ಫಲಕವನ್ನು ಮಾತ್ರ ಬದಲಿಸಿ, ಬೆಳಗುವಂಥದ್ದು ಹಾಕಿ. ಅದೇ ಹಾಲ್, ಅದೇ ಮಸಿ, ಆದರೆ 10 ಮೀಟರ್ ಇದ್ದದ್ದು ಸುಮಾರು 27 ಆಗುತ್ತದೆ.

ಹೀಗಿರುವಾಗ 'ವಿಸಿಬಿಲಿಟಿ 10 ಮೀಟರಿಗಿಂತ ಕೆಳಗೆ ಇಳಿಯಲಿಲ್ಲ, ಕಟ್ಟಡ ಸುರಕ್ಷಿತ' ಅಂತ ವರದಿಯಲ್ಲಿ ಬರೆದಿದ್ದರೆ, ಈ ಮೂರು ಅಂಕಿಗಳನ್ನು ಕೇಳದೆ ಒಪ್ಪಲೇಬಾರದು. ಎಫ್‌ಡಿಎಸ್‌ನಲ್ಲಿ ಸೂಟ್ ಯೀಲ್ಡ್ ತುಂಬುವುದನ್ನು ಮರೆತರೆ ಅದು ಸೊನ್ನೆ ಅಂತಲೇ ಇಟ್ಟುಕೊಳ್ಳುತ್ತದೆ. ಆಗ ಬೆಂಕಿ ಎಷ್ಟೇ ಉರಿದರೂ ಮಸಿಯೇ ಇಲ್ಲ, ವಿಸಿಬಿಲಿಟಿ ಎಲ್ಲ ಕಡೆ 30 ಮೀಟರ್. ಆ 30 ಕೂಡ ಪ್ರೋಗ್ರಾಂ ತಾನೇ ಹಾಕಿಕೊಂಡ ಮೇಲಿನ ಮಿತಿ. ಗಾಳಿ ಪೂರ್ತಿ ಶುದ್ಧವಾಗಿದ್ದರೂ ಅದಕ್ಕಿಂತ ಜಾಸ್ತಿ ತೋರಿಸುವುದಿಲ್ಲ. ಗಾಳಿ ಸಾಲದ ಕೋಣೆಯಲ್ಲಿ ಬೆಂಕಿ ಉಸಿರುಗಟ್ಟಿದಂತೆ ಉರಿದರೆ ಮಸಿ ಜಾಸ್ತಿಯಾಗುತ್ತದೆ ಅನ್ನುವುದೂ ಒಂದೇ ಅಂಕಿಯ ಸೂಟ್ ಯೀಲ್ಡ್‌ನಲ್ಲಿ ಬರುವುದಿಲ್ಲ.

ಇನ್ನೊಂದು ವಿಷಯ. ಚಿತ್ರದಲ್ಲಿ ಒಂದು ಚೌಕದ ಮೇಲೆ 6 ಮೀಟರ್ ಅಂತ ಬಂದರೆ, ಅಲ್ಲಿ ನಿಂತವರಿಗೆ 6 ಮೀಟರ್ ಕಾಣುತ್ತದೆ ಅಂತ ಅರ್ಥ ಅಲ್ಲ. ಆ ಚೌಕದಲ್ಲಿರುವಷ್ಟೇ ಹೊಗೆ ಸುತ್ತಲೂ ಇದ್ದಿದ್ದರೆ 6 ಮೀಟರ್ ಕಾಣುತ್ತಿತ್ತು ಅಂತ ಮಾತ್ರ. ನಿಂತ ಜಾಗದಲ್ಲಿ ಗಾಳಿ ತಿಳಿಯಾಗಿದ್ದು, ಬಾಗಿಲ ಹತ್ತಿರ ಹೊಗೆ ಗಟ್ಟಿಯಾಗಿದ್ದರೆ, ಅಂಕಿ 30 ಇದ್ದರೂ ಬಾಗಿಲು ಕಾಣುವುದಿಲ್ಲ. ಅದು ಗೊತ್ತಾಗಬೇಕಾದರೆ ಕಣ್ಣಿನ ಎತ್ತರದಿಂದ ಬಾಗಿಲ ಫಲಕದವರೆಗೆ ಒಂದು ಗೆರೆ ಎಳೆದು, ಆ ಗೆರೆಯುದ್ದಕ್ಕೂ ಬೆಳಕು ಎಷ್ಟು ತಡೆಯಾಗುತ್ತದೆ ಅಂತ ಲೆಕ್ಕ ಹಾಕಬೇಕು. ಎಫ್‌ಡಿಎಸ್‌ನಲ್ಲಿ ಅದಕ್ಕೆ ಪಾತ್ ಆಬ್ಸ್‌ಕ್ಯುರೇಷನ್ ಅನ್ನುವ ಅಳತೆ ಇದೆ.