ವಿಮಾನವೇ ಹೊಗೆ ಬಿಡುತ್ತೆ, ಅದರಲ್ಲಿ ಯಂತ್ರ ಇಟ್ಟು ಗಾಳಿ ಅಳೆಯೋದು ಹೇಗೆ?

ಪೆರ್ಲದ ಅಡಿಕೆ ಕೃಷಿಕರೊಬ್ಬರ ಪ್ರಶ್ನೆ: "ವಿಮಾನದಲ್ಲಿ ಯಂತ್ರ ಇಟ್ಟು ಗಾಳಿಯ ಕಾರ್ಬನ್ ಡೈಆಕ್ಸೈಡ್ ಅಳೆಯುತ್ತಾರಂತೆ. ವಿಮಾನದ ಹೊಗೆಯೂ ಲೆಕ್ಕಕ್ಕೆ ಸೇರುವುದಿಲ್ವಾ? ನಮ್ಮ ತೋಟ ಎಷ್ಟು ಹೀರುತ್ತದೆ ಅಂತ ಅದರಲ್ಲಿ ತಿಳಿಯಬಹುದಾ?"

ಮೊದಲನೆಯ ಸಂಶಯ ತುಂಬಾ ಜನರಿಗಿದೆ. ಹೊಗೆ ಸೇರುವುದಿಲ್ಲ. ಮೇಲೆ ಹಾರುವಾಗ ಪ್ರಯಾಣಿಕ ವಿಮಾನ ಸೆಕೆಂಡಿಗೆ ಸುಮಾರು 250 ಮೀಟರ್ ಓಡುತ್ತದೆ, ಅದರ ಹೊಗೆ ಹಿಂದೆಯೇ ಉಳಿಯುತ್ತದೆ. ಜಪಾನಿನ ಕಾಂಟ್ರೇಲ್ ಯೋಜನೆಯವರು 2005ರಿಂದ ಜಪಾನ್ ಏರ್‌ಲೈನ್ಸ್ ವಿಮಾನಗಳಲ್ಲಿ ಈ ಯಂತ್ರ ಇಟ್ಟಿದ್ದಾರೆ. ಅವರಿಗೆ ಗಾಳಿ ಸಿಗುವುದು ಎಂಜಿನ್ ಕಡೆಯಿಂದಲೇ, ಮಜಾ ನೋಡಿ! ಎಂಜಿನ್ ಹೊರಗಿನ ಗಾಳಿಯನ್ನು ಮೊದಲು ಒತ್ತುತ್ತದೆ, ಇಂಧನ ಉರಿಯುವುದು ಆಮೇಲೆ. ಉರಿಯುವ ಮೊದಲೇ ಸ್ವಲ್ಪ ಗಾಳಿ ಎಸಿಗೆ ಹೋಗುತ್ತದೆ. ಆ ಕೊಳವೆಯಿಂದಲೇ ಯಂತ್ರಕ್ಕೂ ಒಂದು ಪಾಲು. ಒಳಗೆ ಕೂತವರ ಉಸಿರು ಬೆರೆಯುವ ಮೊದಲೇ ತೆಗೆದುಕೊಳ್ಳಬೇಕು, ಅಷ್ಟೇ. ಗಲ್ಫಿಗೆ ಹೋಗಿ ಬಂದವರಿಗೆ ಒಳಗಿನ ಗಾಳಿ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ.

ನಿಜವಾದ ತಲೆನೋವು ಹೊಗೆಯದ್ದಲ್ಲ, ಪಸೆಯದ್ದು. ಈಗ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಇರುವುದು ಹತ್ತು ಲಕ್ಷ ಪಾಲಿಗೆ 420ಕ್ಕಿಂತ ಸ್ವಲ್ಪ ಜಾಸ್ತಿ. ಹಿಡಿಯಬೇಕಾದದ್ದು ಒಂದೆರಡು ಪಾಲಿನ ಏರಿಳಿತ. ಆಟಿ ತಿಂಗಳ ನಮ್ಮ ಗಾಳಿಯಲ್ಲಿ ನೀರಿನ ಆವಿಯೇ ನೂರಕ್ಕೆ ಮೂರರಷ್ಟು ಇರುತ್ತದೆ. ಅಷ್ಟು ಆವಿ ಸೇರಿದರೆ 420 ಇದ್ದದ್ದು 407 ಅಂತ ಕಾಣುತ್ತದೆ! ಅದಕ್ಕೇ ಗಾಳಿಯನ್ನು ಮೊದಲು ಒಣಗಿಸುತ್ತಾರೆ. ಆಮೇಲೆ ಅದರೊಳಗೆ ಇನ್ಫ್ರಾರೆಡ್ ಬೆಳಕು ಹಾಯಿಸಿ, ಎಷ್ಟು ಬೆಳಕು ಹೀರಿಹೋಯಿತು ಅಂತ ನೋಡುತ್ತಾರೆ. ಹಾರುತ್ತಿರುವಾಗಲೇ ನಡುನಡುವೆ ಸಿಲಿಂಡರಿನಿಂದ ಪ್ರಮಾಣ ಗೊತ್ತಿರುವ ಗಾಳಿ ಬಿಟ್ಟು ಯಂತ್ರ ಸರಿ ಇದೆಯಾ ಅಂತ ಪರೀಕ್ಷೆ. ಅಡಿಕೆ ಮಂಡಿಯಲ್ಲಿ ತಕ್ಕಡಿಗೆ ಪಡಿಕಲ್ಲು ಇಟ್ಟು ನೋಡಿದ ಹಾಗೆ.

ಇಷ್ಟೆಲ್ಲ ಮಾಡಿ ಮೇಲೆ ಯಾಕೆ ಹೋಗಬೇಕು? ನೆಲದ ಲೆಕ್ಕ ಗಂಟೆಗಂಟೆಗೂ ಬದಲಾಗುತ್ತದೆ. ರಾತ್ರಿಯಿಡೀ ಮರ, ಮಣ್ಣು ಬಿಟ್ಟ ಉಸಿರು ಬೆಳಗಿನ ಜಾವ ತೋಟದ ಕಣಿಯಲ್ಲೇ ನಿಂತಿರುತ್ತದೆ. ಬಿಸಿಲೇರಿದ ಮೇಲೆ ಎಲೆಗಳು ಒಂದಷ್ಟು ಹೀರುತ್ತವೆ, ಉಳಿದದ್ದು ಮೇಲಿನ ಗಾಳಿಗೆ ಬೆರೆತು ಹೋಗುತ್ತದೆ. ವಿಮಾನವಾದರೆ ಏರುವಾಗ, ಇಳಿಯುವಾಗ ನೆಲದಿಂದ ಹತ್ತು ಕಿಲೋಮೀಟರ್ ತನಕ ಪದರಪದರವಾಗಿ ಅಳೆಯುತ್ತದೆ. ದೆಹಲಿಯ ಮೇಲೆ ಹೀಗೆ ಅಳೆದಾಗ ಜನವರಿಯಿಂದ ಮಾರ್ಚ್ ತನಕ ಕೆಳಗಿನ ಪದರದಲ್ಲೇ ಕಾರ್ಬನ್ ಡೈಆಕ್ಸೈಡ್ ಕಡಿಮೆ ಕಂಡಿತು. ಅಷ್ಟು ದೊಡ್ಡ ಊರು, ಅಷ್ಟು ವಾಹನ, ಆದರೂ! ಸುತ್ತಲಿನ ಗೋಧಿಯಂಥ ಚಳಿಗಾಲದ ಬೆಳೆಗಳೇ ಅದಕ್ಕೆ ಕಾರಣ ಅಂತ ಸಂಶೋಧಕರು ಹೇಳುತ್ತಾರೆ.

ನಿಮ್ಮ ತೋಟ ಮಾತ್ರ ಇದರಲ್ಲಿ ಸಿಗುವುದಿಲ್ಲ. ಮೇಲಿನ ಗಾಳಿ ನೂರಾರು ಕಿಲೋಮೀಟರ್ ಸುತ್ತಿ ಬಂದದ್ದು. ಮಳೆಗಾಲದಲ್ಲಂತೂ ನಮ್ಮ ಕರಾವಳಿಗೆ ಬರುವುದು ಸಮುದ್ರದ ಗಾಳಿ. ಒಂದು ತೋಟದ ಲೆಕ್ಕ ಬೇಕಾದರೆ ಅಡಿಕೆ ಮರದ ತಲೆಗಿಂತ ಎತ್ತರದ ಗೋಪುರ ನಿಲ್ಲಿಸಿ, ಮೇಲೆ ಕೆಳಗೆ ಆಡುವ ಗಾಳಿಯನ್ನೂ ಅದರಲ್ಲಿರುವ ಕಾರ್ಬನ್ ಡೈಆಕ್ಸೈಡನ್ನೂ ಸೆಕೆಂಡಿಗೆ ಹತ್ತಿಪ್ಪತ್ತು ಸಲ ಅಳೆಯಬೇಕು.